ಟೈಲರಕ್ಕನನ್ನು ಕೇಳದ ಪ್ರಶ್ನೆ

ಟೈಲರಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ಬೀದಿಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ದಿನ ಆಸ್ಪತ್ರೆಯಲ್ಲಿ ಅವಳಿಗೆ ಬಂದ ಕೋಪ ಯಾರಿಗಾದರೂ ಬರಬೇಕಾದದ್ದೇ.

ಬೀದಿಯ ಅರ್ಧ ಜನರ ಮೈಮೇಲೆ ಇರುವುದು ಅವಳು ಹೊಲಿದ ಬಟ್ಟೆ. ಈಗೀಗ ಬೆಳಗ್ಗೆ ಸೂಜಿಗೆ ದಾರ ಪೋಣಿಸಲು ಹೋದರೆ ಕೈ ನಡುಗುತ್ತಿತ್ತು. ಚಿಂದಿ ಬಟ್ಟೆಯ ಮೂಟೆಯ ಹಿಂದೆ ಬಚ್ಚಿಟ್ಟ ಬಾಟಲಿಯಿಂದ ಎರಡು ಗುಟುಕು ಇಳಿದ ಮೇಲೆಯೇ ಆ ಕೈ ಮಾತು ಕೇಳುತ್ತಿದ್ದದ್ದು. ಮೊನ್ನೆ ಕತ್ತರಿ ಜಾರಿ ಯಾರದೋ ಹೊಸ ಕೋಟಿನ ಬಟ್ಟೆಯೇ ಹಾಳಾಯಿತು. ಕೈ ಹೋದರೆ ಬದುಕೇ ಹೋದಂತೆ. ಕುಡಿತ ಬಿಡಬೇಕೆಂದು ಪಟ್ಟ ಪಾಡು ಅವಳೊಬ್ಬಳಿಗೇ ಗೊತ್ತು. ಬೆಳಕು ಹರಿಯುವ ಮೊದಲೇ ಬಸ್ ಓಡಿಸಲು ಹೊರಡುವ ಗಂಡನಿಗೆ ಇದರ ಸುಳಿವೇ ಇರಲಿಲ್ಲ.

ಹೊಟ್ಟೆ ಉರಿಯ ನೆಪ ಹೇಳಿ ಆಸ್ಪತ್ರೆಗೆ ಹೋದಳು. ಬಂದವರನ್ನೆಲ್ಲ ನರ್ಸ್ ಕುಡಿತದ ಬಗ್ಗೆ ನಾಲ್ಕು ಪ್ರಶ್ನೆ ಕೇಳಬೇಕೆಂದು ಅಲ್ಲಿ ಗೋಡೆಯ ಮೇಲೇ ಬರೆದಿತ್ತು. ಕೇಳಿದರೆ ಹೇಳಿಬಿಡೋಣ ಎಂದುಕೊಂಡಳು. ತಾನಾಗಿ ಬಾಯಿಬಿಡಲು ಧೈರ್ಯ ಸಾಲದು. ಎರಡು ಸಲ ಹೋದರೂ ಯಾರೂ ಕೇಳಲಿಲ್ಲ. ಹೊಟ್ಟೆಯ ಮಾತ್ರೆ ಕೊಟ್ಟು ಸಾಗಹಾಕಿದರು.

ಮೂರನೆಯ ಸಲ ಗಂಡನೂ ಜೊತೆಗೆ ಬಂದ. ನರ್ಸ್ ಆ ಪ್ರಶ್ನೆಗಳ ಕಾಗದ ತೆಗೆದವಳೇ, ಇವಳ ಮುಖವನ್ನೂ ನೋಡದೆ, ಸರಸರನೆ ನಾಲ್ಕಕ್ಕೂ 'ಇಲ್ಲ' ಎಂದು ಗುರುತು ಹಾಕಿದಳು. ಆಮೇಲೆ ಗಂಡನತ್ತ ತಿರುಗಿ, "ಅಣ್ಣಾ, ನೀವು ಕುಡೀತೀರಾ?" ಎಂದಳು.

"ಬಸ್ ಓಡಿಸೋನಮ್ಮ ನಾನು. ಮುಟ್ಟೋದೂ ಇಲ್ಲ," ಎಂದ ಅವನು.

ಟೈಲರಕ್ಕನ ಮೈ ಉರಿದುಹೋಯಿತು. ಕಾಯಿಲೆ ಇವಳದು, ಪ್ರಶ್ನೆ ಅವನಿಗೆ! ಹೆಂಗಸಿನ ಗಂಟಲಲ್ಲಿ ಹೆಂಡ ಇಳಿಯುವುದಿಲ್ಲವೆಂದು ಇವರಿಗೆ ಹೇಳಿದವರಾದರೂ ಯಾರು?

"ನನ್ನನ್ಯಾಕೆ ಕೇಳ್ಲಿಲ್ಲ?" ಎಂದಳು.

ನರ್ಸ್ ನಕ್ಕಳು. "ಅಯ್ಯೋ ಅಕ್ಕಾ, ನಿಮ್ಮಂಥೋರನ್ನ ಅದೆಲ್ಲ ಕೇಳಿದ್ರೆ ಬೇಜಾರು ಮಾಡ್ಕೋತೀರ."

"ಬೇಜಾರಾಗಿರೋದೇ ಕೇಳದೆ ಇದ್ದದ್ದಕ್ಕೆ! ಅದನ್ನ ಹೊಡೆದುಹಾಕು. ಸರಿಯಾಗಿ ಕೇಳು."

ನರ್ಸ್ ಗಾಬರಿಯಿಂದ ಮತ್ತೆ ಗಂಡನ ಕಡೆಗೇ ನೋಡಿದಳು. "ಏನಣ್ಣಾ ಇದು, ಅಕ್ಕ ಹೀಗಂತಾರಲ್ಲ?"

"ಅವರ ಮುಖ ಏನು ನೋಡ್ತೀಯಾ? ಅವರಿಗೇನೂ ಗೊತ್ತಿಲ್ಲ. ಕಾಯಿಲೆ ನಂದು ತಾಯಿ, ನನ್ನನ್ನ ಕೇಳು!"

ನರ್ಸ್ ಕಾಗದ ತಿರುವಿ, ದನಿ ತಗ್ಗಿಸಿ, "ಬೆಳಗ್ಗೆ ಎದ್ದ ಕೂಡ್ಲೇ, ಕೈ ನಡುಕ ನಿಲ್ಲೋಕೆ ಅಂತ..." ಎನ್ನುವಷ್ಟರಲ್ಲಿ ಟೈಲರಕ್ಕ ತನ್ನ ಬಲಗೈಯನ್ನು ಮೇಜಿನ ಮೇಲೆ, ಇಬ್ಬರಿಗೂ ಕಾಣುವಂತೆ ಇಟ್ಟಳು.

"ಹೌದು," ಎಂದಳು.