ಹಳೆಯ ಕಣದಲ್ಲಿ ಬಿದ್ದ ಪೆಟ್ಟು

ದೆವ್ವ, ಪಿಶಾಚಿ, ಸತ್ತವರ ಸುಳಿದಾಟ ಇವನ್ನೆಲ್ಲ ನಾನು ನಂಬುತ್ತಿರಲಿಲ್ಲ. ನಂಬುವವರನ್ನು ಕಂಡರೆ ಒಳಗೊಳಗೇ ನಗು ಬರುತ್ತಿತ್ತು. ಅರವತ್ತರ ದಶಕದಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದ ನನಗೆ ಜನರ ನಂಬಿಕೆಗಳೆಂದರೆ ಕೇಳಿ, ಬರೆದುಕೊಂಡು, ವಿಂಗಡಿಸಬೇಕಾದ ಸಾಮಗ್ರಿ, ಅಷ್ಟೆ. ಈಗಲೂ ನೀವು ನಂಬಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎರಡನೆಯ ವರ್ಷ ನಾವೆಲ್ಲ ಒಂದೊಂದು ಹಳ್ಳಿಯಲ್ಲಿ ಕೆಲಕಾಲ ಇದ್ದು ಪ್ರಬಂಧ ಬರೆಯಬೇಕಿತ್ತು. ಆಸ್ತಿ ಹಿಸ್ಸೆಯ ಕಾಲದಲ್ಲಿ ಅಣ್ಣತಮ್ಮಂದಿರ ನಡುವೆ ಏಳುವ ಜಗಳ ನಾನು ಆರಿಸಿಕೊಂಡ ವಿಷಯ. ಕವಲೇದುರ್ಗದ ಕೋಟೆಯ ಬುಡದ ಹಳ್ಳಿಯೊಂದರಲ್ಲಿ, ಗೇಣಿಗೆ ಗದ್ದೆ ಮಾಡುತ್ತಿದ್ದ ಮಂಜಪ್ಪನವರ ಮನೆಯಲ್ಲಿ ಇಳಿದುಕೊಂಡಿದ್ದೆ. ಅವರೂ ಅವರ ತಾಯಿ ಗಿಡ್ಡಮ್ಮನೂ ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರಿಸುತ್ತಿದ್ದರು. ಹಿಸ್ಸೆ ಜಗಳದಲ್ಲಿ ಯಾರಾದರೂ ಸತ್ತದ್ದುಂಟೇ ಎಂದು ಕೇಳಿದಾಗ ಮಾತ್ರ ಗಿಡ್ಡಮ್ಮ, "ಅದೆಲ್ಲ ಬ್ಯಾಡ ಮೇಷ್ಟ್ರೇ, ಬೇರೆ ಎಂತಾದ್ರೂ ಕೇಳಿ" ಎಂದು ಎದ್ದು ಒಳಗೆ ಹೋಗಿದ್ದರು.

ಕೊಯ್ಲು ಮುಗಿದ ದಿನಗಳು. ಒಂದು ಮಧ್ಯಾಹ್ನ ಆಚೆ ಕೇರಿಯ ಮನೆಗಳಲ್ಲಿ ಮಾತಾಡಿಕೊಂಡು ಗದ್ದೆಯಂಚಿನ ಮೇಲೆ ವಾಪಸು ಬರುತ್ತಿದ್ದೆ. ಬಿಸಿಲು ನೆತ್ತಿಯ ಮೇಲಿತ್ತು. ಯಾರೂ ಬಳಸದೆ ಹುಲ್ಲು ಬೆಳೆದಿದ್ದ ಒಂದು ಹಳೆಯ ಕಣದ ಕಡೆಯಿಂದ ಬೈಗುಳ ಕೇಳಿಸಿತು. ತಿರುಗಿ ನೋಡಿದರೆ ಇಬ್ಬರು ಗಂಡಸರು ಹೊಡೆದಾಡುತ್ತಿದ್ದರು. ಚಿಕ್ಕವನ ಕೈಯಲ್ಲಿ ದೊಣ್ಣೆ, ದೊಡ್ಡವನ ಕೈಯಲ್ಲಿ ಕತ್ತಿ. ದೊಡ್ಡವನ ಹುಬ್ಬು ಒಡೆದು ಮುಖವೆಲ್ಲ ರಕ್ತ. "ತಾಯಿ ಪಾಲೂ ತಿಂದ್ಯಲ್ಲೋ" ಎಂದು ಚಿಕ್ಕವನು ಕೂಗುತ್ತ ಇನ್ನೊಮ್ಮೆ ದೊಣ್ಣೆ ಎತ್ತಿದ.

ನಾನು ಯೋಚಿಸಲಿಲ್ಲ. ಓಡಿಹೋಗಿ ಚಿಕ್ಕವನನ್ನು ಹಿಂದಿನಿಂದ ತಬ್ಬಿ ಹಿಡಿದೆ. ಅವನ ಬೆವರಿನ ವಾಸನೆ ಈಗಲೂ ನೆನಪಿದೆ. ಅವನು ಕೊಸರಾಡಿದ. ಅಷ್ಟರಲ್ಲಿ ದೊಡ್ಡವನು ಕತ್ತಿ ಬೀಸಿದ. ಅದು ನನ್ನ ಎಡತೋಳನ್ನು ಸೀಳಿಕೊಂಡು ಚಿಕ್ಕವನ ಕುತ್ತಿಗೆಯ ಬುಡಕ್ಕೆ ಇಳಿಯಿತು. ಹಸಿಮರ ಕಡಿದ ಹಾಗೆ ಸದ್ದಾಯಿತು. ಬಿಸಿ ರಕ್ತ ನನ್ನ ಮುಖಕ್ಕೆ, ಕನ್ನಡಕಕ್ಕೆ ಚಿಮ್ಮಿತು. ಅವನ ಭಾರಕ್ಕೆ ನಾನೂ ಕುಸಿದೆ. ದೊಡ್ಡವನು ಬಿದ್ದವನ ಮೇಲೆ ಮತ್ತೆ ಮತ್ತೆ ಕಡಿಯುತ್ತಲೇ ಇದ್ದ. ನಾನು ತೆವಳಿಕೊಂಡು ಹೊರಬಂದು, ಕೂಗುತ್ತ ಮಂಜಪ್ಪನವರ ಮನೆಗೆ ಓಡಿದೆ.

ಮಂಜಪ್ಪ ಮತ್ತು ಅಕ್ಕಪಕ್ಕದವರು ದೊಣ್ಣೆ ಹಿಡಿದು ನನ್ನ ಜೊತೆ ಬಂದರು. ಕಣದಲ್ಲಿ ಯಾರೂ ಇರಲಿಲ್ಲ. ಹೆಣವಿಲ್ಲ, ರಕ್ತವಿಲ್ಲ, ಹುಲ್ಲು ಸಹ ಮಲಗಿರಲಿಲ್ಲ. ಕನ್ನಡಕ ತೆಗೆದು ನೋಡಿಕೊಂಡೆ, ಗಾಜಿನ ಮೇಲೆ ಒಂದು ಹನಿಯೂ ಇಲ್ಲ. ಆದರೆ ನನ್ನ ಎಡತೋಳು ಬಾಯಿಬಿಟ್ಟುಕೊಂಡು ಧಾರಾಕಾರವಾಗಿ ರಕ್ತ ಸುರಿಸುತ್ತಿತ್ತು.

ಹಿಂದೆಯೇ ಓಡಿಬಂದಿದ್ದ ಗಿಡ್ಡಮ್ಮ ಸೀರೆಯ ಅಂಚು ಹರಿದು ತೋಳಿಗೆ ಬಿಗಿದರು. "ಬಿದ್ದೋನ ಕಿವೀಲಿ ಒಂಟಿ ಇತ್ತಾ?" ಎಂದು ಮೆಲ್ಲಗೆ ಕೇಳಿದರು. ಇತ್ತು, ಎಡಗಿವಿಯಲ್ಲಿ, ಕೆಂಪು ಹರಳಿನದು ಎಂದೆ. ಅವರು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

ಗಾಡಿಯಲ್ಲಿ ತೀರ್ಥಹಳ್ಳಿಗೆ ಕರೆದೊಯ್ಯುವಾಗ ಮಂಜಪ್ಪ ಹೇಳಿದರು. ಆ ಕಣ ಈರಪ್ಪ, ದುಗ್ಗಪ್ಪ ಎಂಬ ಅಣ್ಣತಮ್ಮಂದಿರದ್ದು. ಹಿಸ್ಸೆಯ ಜಗಳದಲ್ಲಿ ಈರಪ್ಪ ತಮ್ಮನನ್ನು ಅಲ್ಲೇ ಕಡಿದು ಕೊಂದಿದ್ದ. ಅವರು ಹೇಳಿದ ವರ್ಷ ಲೆಕ್ಕ ಹಾಕಿದರೆ ಆಗ ನಾನಿನ್ನೂ ತೊಟ್ಟಿಲ ಕೂಸು. ಜೈಲು ಮುಗಿಸಿ ಬಂದ ಈರಪ್ಪ ಊರಿಗೆ ಮುಖ ತೋರಿಸದೆ ಹೊಸನಗರದ ಕಡೆ ಮರ ಕಡಿಯುವ ಕೂಪಿನಲ್ಲಿ ಕೆಲಸಕ್ಕಿದ್ದ. "ಊರಲ್ಲಿ ಆ ಸುದ್ದಿ ಯಾರೂ ಎತ್ತಲ್ಲ. ನಿಮಗೆ ಯಾರ್ ಹೇಳಿದ್ರು?" ಎಂದು ಮಂಜಪ್ಪ ಮತ್ತೆ ಮತ್ತೆ ಕೇಳಿದರು. ಯಾರೂ ಹೇಳಿರಲಿಲ್ಲ.

ಹೊಲಿಗೆ ಹಾಕಿದ ಡಾಕ್ಟರಿಗೆ ಬೇಲಿಯ ಗೂಟದ ಮೇಲೆ ಬಿದ್ದೆ ಎಂದೆ. ಅವರು ನನ್ನನ್ನೇ ನೋಡಿ, "ಇದು ಕತ್ತಿ ಏಟು. ಕಂಪ್ಲೇಂಟ್ ಕೊಡೋದು ಬಿಡೋದು ನಿಮಗೆ ಬಿಟ್ಟಿದ್ದು" ಎಂದರು.

ಗಾಯ ಮಾಗುವ ಮೊದಲೇ ಹೊಸನಗರದ ಬಸ್ಸು ಹತ್ತಿದೆ. ಪ್ರಬಂಧಕ್ಕಾಗಿ ಈರಪ್ಪನನ್ನು ಮಾತಾಡಿಸಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನೋಡಬೇಕಾಗಿದ್ದದ್ದು ಅವನ ಮುಖವನ್ನು.

ಕೂಪಿನ ಗುಡಿಸಲ ಮುಂದೆ ಕುಳಿತಿದ್ದ ಈರಪ್ಪನಿಗೆ ತಲೆ ಪೂರ್ತಿ ನರೆತಿತ್ತು. ಹುಬ್ಬಿನ ಮೇಲೆ ಹಳೆಯ ಗಾಯದ ಕಲೆ. ಅವನೇ. ನಾನು ಬಾಯಿ ತೆರೆಯುವ ಮೊದಲೇ ಅವನು ನನ್ನ ಕನ್ನಡಕವನ್ನೂ ತೋಳಿನ ಪಟ್ಟಿಯನ್ನೂ ನೋಡಿ ಎದ್ದು ನಿಂತ.

"ಕೋರ್ಟಲ್ಲಿ ಹೇಳ್ದೆ ನಾನು," ಎಂದ. "ಕನ್ನಡಕದೋರೊಬ್ರು ಬಿಡಿಸೋಕೆ ಬಂದ್ರು, ತಮ್ಮನ್ನ ಹಿಂದಿಂದ ಹಿಡ್ಕೊಂಡ್ರು, ಅವರ ತೋಳಿಗೂ ಏಟು ಬಿತ್ತು ಅಂತ. ಅಂಥೋರು ಯಾರೂ ಸಿಗ್ಲೇ ಇಲ್ಲ. ಸುಳ್ಳು ಅಂದ್ರು."

"ಆಗ ನಾನು ಕೂಸು, ಈರಪ್ಪ."

"ಇರಬೋದು." ಮತ್ತೆ ಕೂತುಕೊಂಡು ಕೇಳಿದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಹಿಡಿಯೋದೇ ಆಗಿದ್ರೆ ನನ್ನ ಹಿಡೀಬೇಕಿತ್ತಲ್ಲ? ಅವನ್ನ ಎಂತಕ್ಕೆ ಹಿಡಿದ್ರಿ?"

ಬಸ್ಸಿನ ಹೊತ್ತಾಯಿತು ಎಂದು ಹೇಳಿ ನಾನು ಹೊರಟುಬಂದೆ. ಪ್ರಬಂಧವನ್ನು ಬೇರೆ ತಾಲ್ಲೂಕಿನ ಹಳ್ಳಿಯೊಂದರ ಮೇಲೆ ಬರೆದು ಎಂ.ಎ. ಮುಗಿಸಿದೆ. ಮುಂದೆ ಬಹಳ ವರ್ಷ ಅದೇ ವಿಷಯದ ಪಾಠವನ್ನೂ ಮಾಡಿದೆ. ಆ ಮಧ್ಯಾಹ್ನ ನಾನು ಎಲ್ಲಿದ್ದೆ, ಯಾವ ಕಾಲದಲ್ಲಿದ್ದೆ, ನನಗೆ ಇನ್ನೂ ತಿಳಿಯದು. ಆದರೆ ಈರಪ್ಪ ಕೇಳಿದ್ದಕ್ಕೆ ಉತ್ತರ ಆವತ್ತೂ ನನಗೆ ಗೊತ್ತಿತ್ತು. ಅವನ ತಮ್ಮ ನನಗೆ ಹತ್ತಿರದಲ್ಲಿದ್ದ, ಅಷ್ಟೆ.