ಪದ್ಮಕ್ಕ ಗಂಡಿನ ಮನೆ ನೋಡಿದ್ದು

ಗಂಡಿನ ಮನೆ ನೋಡಲು ಹೋದವರು ಅಡುಗೆಮನೆ ನೋಡುತ್ತಾರೆ, ದೇವರಮನೆ ನೋಡುತ್ತಾರೆ, ಅಡಿಕೆ ಎಷ್ಟು ಕ್ವಿಂಟಾಲ್ ಎಂದು ಕೇಳುತ್ತಾರೆ. ನಮ್ಮ ಪದ್ಮಕ್ಕ ಮೊದಲು ನೋಡುವುದು ರಸ್ತೆಯನ್ನು. ಅದೂ ಕಾರಿನ ಕಿಟಕಿಯಿಂದಲ್ಲ, ನಡೆದು.

ಅವಳು ಮದುವೆಯಾಗಿ ಬಂದದ್ದು ಭದ್ರಾವತಿ ನ್ಯೂ ಟೌನಿನ ಕ್ವಾರ್ಟರ್ಸಿಗೆ. ಅಗಲವಾದ ರಸ್ತೆ, ಎರಡೂ ಕಡೆ ಮರ. ಶಾಲೆ, ಆಸ್ಪತ್ರೆ, ಹಿಟ್ಟಿನ ಗಿರಣಿ ಎಲ್ಲ ಕೂಗಳತೆಯಲ್ಲಿ. ತರಕಾರಿ ಬೇಕೆಂದರೆ ಸೇತುವೆ ದಾಟಿ ಓಲ್ಡ್ ಟೌನಿಗೆ ಹೋಗಿ, ಸೊಪ್ಪಿನವಳ ಹತ್ತಿರ ಜಗಳ ಮಾಡಿ, ಊರಿನ ಸುದ್ದಿಯನ್ನೆಲ್ಲ ಹೊತ್ತು ತರುತ್ತಿದ್ದಳು. ಭಾವ ತೀರಿಕೊಂಡ ಮೇಲೂ ಆ ಓಡಾಟ ನಿಲ್ಲಲಿಲ್ಲ. ನಿಂತಿದ್ದರೆ ಅಕ್ಕ ಮೂಲೆ ಹಿಡಿಯುತ್ತಿದ್ದಳು. ನಾನು ಅವಳ ತಮ್ಮ. ಎದುರಿನ ಅಂಗಡಿಗೂ ಸ್ಕೂಟರ್ ತೆಗೆಯುವವನು, ಹಾಗಾಗಿ ಅವಳ ಬೈಗುಳಕ್ಕೆ ಖಾಯಂ ಗಿರಾಕಿ.

ಅಕ್ಕನ ಮಗಳು ಲಿಖಿತಾ ಶಿವಮೊಗ್ಗದ ಶಾಲೆಯೊಂದರಲ್ಲಿ ಟೀಚರ್. ದಿನವೂ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಒಮ್ಮೆ ಸ್ಕೂಟಿಯಿಂದ ಬಿದ್ದವಳು ಮತ್ತೆ ಹ್ಯಾಂಡಲ್ ಮುಟ್ಟಿಲ್ಲ. ಅವಳಿಗೆ ಶಿವಮೊಗ್ಗದ್ದೇ ಸಂಬಂಧ ಬಂತು. ಹುಡುಗ ಯೋಗೇಶ್, ಕಾಲೇಜಿನಲ್ಲಿ ಲೆಕ್ಚರರ್. ಇಬ್ಬರೂ ಮನಸಾರೆ ಒಪ್ಪಿದ್ದರು. ಮನೆ ನೋಡುವುದೊಂದು ಬಾಕಿ.

ಹುಡುಗನ ಅಪ್ಪ ಷಡಕ್ಷರಪ್ಪ ಕಾರು ಕಳಿಸುತ್ತೇನೆಂದರು. ಅಕ್ಕ ಬೇಡವೆಂದಳು. ಸಿಟಿ ಬಸ್ಸು ನಮ್ಮಿಬ್ಬರನ್ನು ಊರ ಹೊರಗೆ ಮೇನ್ ರೋಡಿನಲ್ಲಿ ಇಳಿಸಿ ಹೋಯಿತು. ಹೊಸ ಲೇಔಟ್ ಅಲ್ಲಿಂದ ಒಳಗೆ. ಫುಟ್‌ಪಾತ್ ಸ್ವಲ್ಪ ದೂರ ಇತ್ತು. ಆಮೇಲೆ ಅದರ ಮೇಲೆ ಜಲ್ಲಿ ರಾಶಿ, ರಾಶಿಯ ಮೇಲೆ ನಾಯಿ. ಚರಂಡಿಗೆ ಮುಚ್ಚಳವಿಲ್ಲ. ಕಂಬವಿತ್ತು, ದೀಪವಿರಲಿಲ್ಲ. ಟಿಪ್ಪರ್ ಬಂದಾಗಲೆಲ್ಲ ನಾವು ಬೇಲಿಗೆ ಅಂಟಿಕೊಂಡೆವು. ಧೂಳಿಗೆ ನನ್ನ ಬಿಳಿ ಪಂಚೆ ಕೆಂಪಾಯಿತು.

"ಅಕ್ಕ, ಆಟೋ ಕರೀಲಾ?"

"ಕಾಲೇನು ಅಡ ಇಟ್ಟಿದೀಯೇನೋ ಮಾರಾಯ? ನಡಿ. ನನ್ನ ಮಗಳು ದಿನಾ ನಡೀಬೇಕಾದ ದಾರಿ ಇದು."

ಮನೆಯೇನೋ ಅರಮನೆ. ಷಡಕ್ಷರಪ್ಪ ಪ್ರತಿ ಕೋಣೆಯ ದೀಪ ಹಾಕಿ ತೋರಿಸಿದರು. "ಹೆಂಗಿದೆ ಅಕ್ಕಾವ್ರೆ?"

"ಮನೆ ಚೆನ್ನಾಗಿದೆ. ಹುಡುಗ ಬಂಗಾರ. ಆದ್ರೆ ಈ ಮನೆಗೆ ನಾನು ಹೆಣ್ಣು ಕೊಡಲ್ಲ."

ಭದ್ರಾವತಿಯಲ್ಲಿ ಫೋನ್ ಹಿಡಿದು ಕಾಯುತ್ತಿದ್ದ ಲಿಖಿತಾ ನನ್ನ ಕಣ್ಣ ಮುಂದೆ ಬಂದಳು.

ಷಡಕ್ಷರಪ್ಪ ಪೆಚ್ಚಾಗಿ ನನ್ನ ಕೆಂಪಾದ ಪಂಚೆ ನೋಡಿದರು. "ರಸ್ತೆ ವಿಷ್ಯಾನಾ? ಕಾರಿದೆಯಲ್ಲ. ನಾವೇ ಸ್ಕೂಲಿಗೆ ಬಿಟ್ಟು ಬರ್ತೀವಿ."

"ಬಿಡೋಕೊಬ್ರು, ಕರ್ಕೊಂಡು ಬರೋಕೊಬ್ರು. ನನ್ನ ಮಗಳೇನು ಪಾರ್ಸಲ್ಲೇನ್ರೀ? ಚಪ್ಪಲಿ ಮೆಟ್ಟಿ ತಾನೇ ಹೊರಡೋ ಹಾಗಿರಬೇಕು."

ಅಪ್ಪನ ಪಕ್ಕ ಕುಳಿತಿದ್ದ ಯೋಗೇಶ್ ಎದ್ದು ನಿಂತ. "ಅವರು ಹೇಳೋದು ಸರಿ ಅಪ್ಪ. ಕತ್ತಲಾದ್ರೆ ನಾನೇ ಈ ರೋಡಲ್ಲಿ ನಡೆಯಲ್ಲ. ಸ್ಕೂಲ್ ಹತ್ರ, ಸಿಟಿ ಒಳಗೆ ಬಾಡಿಗೆ ಮನೆ ಮಾಡ್ತೀನಿ."

"ಸ್ವಂತ ಮನೆ ಇಟ್ಕೊಂಡು ಬಾಡಿಗೆಗಾ? ಜನ ಉಗೀತಾರೆ ಕಣೋ. ನಿಮ್ಮಮ್ಮ ಇಲ್ಲಿ ಸುಖವಾಗಿಲ್ವಾ? ಕೇಳು ಬೇಕಾದ್ರೆ."

ಯೋಗೇಶನ ತಾಯಿ ಚನ್ನಬಸಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ನಾವು ಬಂದಾಗಿನಿಂದ "ಬನ್ನಿ, ಕೂತ್ಕೊಳ್ಳಿ" ಬಿಟ್ಟರೆ ಬೇರೆ ಮಾತಾಡಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದರು.

"ಈಗಲಾದ್ರೂ ಕೇಳಿದ್ರಲ್ಲ. ಸಿಟಿ ಒಳಗೆ ಹಳೇ ಮನೇಲಿದ್ದಾಗ ನಾನೇ ಗಾಂಧಿ ಬಜಾರಿಗೆ ಹೋಗಿ ಹೂವು ತರ್ತಿದ್ದೆ. ಇಲ್ಲಿಗೆ ಬಂದ ಮೇಲೆ ಒಬ್ಬಳೇ ಗೇಟು ದಾಟಿಲ್ಲ. ಎಲ್ಲಿಗೆ ಅಂದ್ರೂ ನಿಮ್ಮ ಪುರುಸೊತ್ತು ಕಾಯ್ಬೇಕು." ಮಗನ ಕಡೆ ತಿರುಗಿ, "ಬಾಡಿಗೆ ಮನೆ ಮೂರು ಜನಕ್ಕೆ ನೋಡು. ನಾನೂ ಬರ್ತೀನಿ" ಎಂದರು.

ಅಕ್ಕ ಎದ್ದು ಹೋಗಿ ಅವರ ಕೈ ಹಿಡಿದುಕೊಂಡಳು. ಷಡಕ್ಷರಪ್ಪ ತಾವೇ ಕಟ್ಟಿಸಿದ ಹಾಲ್‌ನಲ್ಲಿ ನೆಂಟರ ಹಾಗೆ ಕುಳಿತಿದ್ದರು. ಹೆಂಡತಿಯ ಮುಖ ನೋಡಿದರು, ಮಗನ ಮುಖ ನೋಡಿದರು, ಆಮೇಲೆ ಮೆಲ್ಲಗೆ ಅಂದರು:

"ನಾಲ್ಕು ಜನಕ್ಕೇ ನೋಡಪ್ಪ."