ಬಸ್ಸಿನಲ್ಲಿ ಬಟ್ಟೆಯ ಗರ್ಭಕೋಶ

ಕಾಲೇಜು ಹುಡುಗ ಹುಡುಗಿಯರಿಗೆ ಸಂತಾನೋತ್ಪತ್ತಿ ಆರೋಗ್ಯದ ತರಬೇತಿ ಕೊಟ್ಟು, ಹಳ್ಳಿಗಳಲ್ಲಿ ಅವರಿಂದಲೇ ಮಾತಾಡಿಸುವುದು ನನ್ನ ಕೆಲಸ. ಒಮ್ಮೆ ಕೆ.ಆರ್. ಪೇಟೆಯಿಂದ ನಾಗಮಂಗಲಕ್ಕೆ ಹೋಗುವ ಬಸ್ಸಿನಲ್ಲಿ, ನನ್ನ ಬಳಿ ತರಬೇತಿ ಪಡೆದ ಕಾವ್ಯ ಎಂಬ ಹುಡುಗಿ ಜೊತೆಗಿದ್ದಳು. ಪಾಠಕ್ಕೆಂದು ಹೊಲಿಸಿದ್ದ ಬಟ್ಟೆಯ ಮಾದರಿ ಅವಳ ತೊಡೆಯ ಮೇಲಿತ್ತು.

“ಇದೇನವ್ವ, ಗೊಂಬೆಯಾ?” ಪಕ್ಕದಲ್ಲಿದ್ದ ಅಜ್ಜಿ ಕೇಳಿದರು.

ಬಸ್ಸಿನ ತುಂಬ ಗಂಡಸರು. ನಾನು “ಏನೋ ಪಾಠದ್ದು” ಎಂದು ತೇಲಿಸಿದೆ. ಕಾವ್ಯ ಮಾತ್ರ, “ಗರ್ಭಕೋಶ ಕಣಜ್ಜಿ. ನಿಂಗೂ ಐತೆ, ನಂಗೂ ಐತೆ” ಅಂದುಬಿಟ್ಟಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ನಾನು ಕಿಟಕಿಯತ್ತ ಮುಖ ತಿರುಗಿಸಿದೆ.

ಅಜ್ಜಿ ಅದನ್ನು ಕೈಗೆತ್ತಿಕೊಂಡು ಸವರಿದರು. ಆಮೇಲೆ ಕಾವ್ಯಳ ಕಿವಿಯ ಹತ್ತಿರ ಬಾಗಿ, “ನಂದು ಕೆಳಿಕ್ಕೆ ಜಾರ್ಬುಟ್ಟೈತೆ ಕಣ್ಮಗ. ನಡುದ್ರೆ ನೋವು. ಸೊಸೆಗೂ ಏಳಿಲ್ಲ” ಎಂದರು.

“ಇದ್ಕೆ ಔಸ್ತಿ ಐತೆ ಬಾ ಅಜ್ಜಿ, ನಾನೂ ಬತ್ತೀನಿ” ಎಂದು ಕಾವ್ಯ ಅವರ ಕೈ ಹಿಡಿದಳು.

ನಾಗಮಂಗಲದಲ್ಲಿ ಇಳಿದು ಮೂವರೂ ನೇರ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಪರೀಕ್ಷಿಸಿ, ಗರ್ಭಕೋಶ ಜಾರದಂತೆ ತಡೆಯುವ ರಿಂಗು ಹಾಕಿದರು. ಅಜ್ಜಿ ನಗುತ್ತಾ ಹೊರಗೆ ಬಂದಾಗ ನನ್ನ ಕಣ್ಣು ಒದ್ದೆಯಾಯಿತು. ಕಾವ್ಯ ಇರದಿದ್ದರೆ ಅವರು ಆ ನೋವನ್ನು ಹೊತ್ತುಕೊಂಡೇ ಊರಿಗೆ ಹೋಗುತ್ತಿದ್ದರು.

ಅಜ್ಜಿ ಕಾವ್ಯಳಿಗೆ ನೆಟಿಗೆ ಮುರಿದು ದೃಷ್ಟಿ ತೆಗೆದು, ನನ್ನತ್ತ ತಿರುಗಿ, “ನೀನೂ ಈ ಮಗೀನ ತಾವ ಒಸಿ ಕಲ್ತ್ಕೊಳವ್ವ” ಎಂದರು.

ಅವಳಿಗೆ ಕಲಿಸಿದವಳು ನಾನೇ. ಆದರೂ “ಆಗಲಿ ಅಜ್ಜಿ” ಎಂದೆ.